ಕಂಪೌಂಡರ್ ರಘು ಕೊಂದಿಲ್ಲ

ಟೀವಿಯ ಪರದೆಯ ಮೇಲೆ ‘ಮುಕ್ತಾಯ’ ಎಂದು ಮೂಡಿದ ಮೇಲೂ ಎದ್ದು ಹೋಗದೆ ಕುಳಿತಿರುವ ಜನರನ್ನು ನೀವು ನೋಡಿರಬಹುದು. ಊಟ ಮುಗಿದರೂ ಕೈ ತೊಳೆಯದೆ ಎಲೆಯ ಮುಂದೆ ಕುಳಿತವರ ಹಾಗೆ ಅವರು ಕಾಣುತ್ತಾರೆ. ತೃಪ್ತಿಯಿಂದ ಕುಳಿತವರು ಕೆಲವರು, ಇನ್ನೂ ಏನೋ ಬಡಿಸುವುದಿದೆ ಎಂಬ ಆಸೆಯಿಂದ ಕುಳಿತವರು ಕೆಲವರು. ಇವರಲ್ಲದೆ ಬೇರೊಂದು ಬಗೆಯವರಿದ್ದಾರೆ. ಅನ್ನದಲ್ಲಿ ಕಲ್ಲು ಸಿಕ್ಕು ಹಲ್ಲು ಮುರಿದುಕೊಂಡು, ಅಡುಗೆಯವನ ಮುಖವನ್ನೊಮ್ಮೆ ನೋಡಿಯೇ ಏಳುವೆವೆಂದು ಹಟ ಹಿಡಿದು ಕುಳಿತವರು. ನಾನು ಆ ಪಂಗಡದವಳು. ಎಷ್ಟೋ ವರ್ಷಗಳ ಹಿಂದೆ ಬೈಲಹೊಂಗಲದ ನಮ್ಮ ಮನೆಯ ಪಡಸಾಲೆಯಲ್ಲಿ ಹಾಗೆ ಕುಳಿತವಳು, ಮನಸ್ಸಿನೊಳಗೆ ಇನ್ನೂ ಎದ್ದಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಆಗ ಊರಿನ ಜೂನಿಯರ್ ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುತ್ತಿದ್ದೆ. ತರ್ಕದಲ್ಲಿ ಹುಟ್ಟಿ ತಕರಾರಿನಲ್ಲಿ ಬೆಳೆದವಳು ಎಂದು ನಮ್ಮ ಮನೆಯವರು ನನ್ನನ್ನು ಬಂಧುಗಳಿಗೆ ಪರಿಚಯಿಸುತ್ತಿದ್ದರು. ಅವರು ಸವದತ್ತಿಯ ಕಚೇರಿಯೊಂದರಲ್ಲಿ ನೌಕರರು, ದಿನವೂ ಬಸ್ಸಿನಲ್ಲಿ ಹೋಗಿ ಬರುವವರು, ಟೀವಿಯೆಂದರೆ ಮೂಗು ಮುರಿಯುವವರು. ಅಂಥವರನ್ನೂ ಆ ವರ್ಷದ ಪತ್ತೇದಾರಿ ಧಾರಾವಾಹಿ ಬಿಡಲಿಲ್ಲ. ಭಾನುವಾರ ದೀಪ ಹಚ್ಚುವ ಹೊತ್ತಿಗೆ ಅದು ಪ್ರಸಾರವಾಗುತ್ತಿತ್ತು. ಸೋಮವಾರ ಸಂಜೆ ಅವರು ಮನೆಗೆ ಬಂದು ಚಪ್ಪಲಿ ಬಿಡುವುದರೊಳಗೆ ಸವದತ್ತಿಯ ಬಸ್ಸಿನಲ್ಲಿ ಯಾರ ಮೇಲೆ ಎಷ್ಟು ಸಂಶಯವಿದೆ ಎಂಬ ವರದಿ ಒಪ್ಪಿಸುತ್ತಿದ್ದರು. ಧಾರಾವಾಹಿಯ ಹೆಸರನ್ನು ನಾನು ಹೇಳುವುದಿಲ್ಲ. ಅದಕ್ಕೆ ಪುಕ್ಕಟೆ ಪ್ರಚಾರ ಕೊಡುವಷ್ಟು ಔದಾರ್ಯ ನನಗಿನ್ನೂ ಬಂದಿಲ್ಲ.

ಕಥೆ ಇಷ್ಟು. ಊರಿಗೆ ದೊಡ್ಡವರಾದ ನಿವೃತ್ತ ನ್ಯಾಯಾಧೀಶರೊಬ್ಬರು ಒಂದು ಸಂಜೆ ಹಾಲು ಕುಡಿದು ಸಾಯುತ್ತಾರೆ. ಹಾಲಿನಲ್ಲಿ ವಿಷ. ಸಂಶಯಕ್ಕೆ ಪಾತ್ರರಾದವರು ಹಲವರಿದ್ದರೂ ಲೆಕ್ಕಕ್ಕೆ ಬರುವವರು ಇಬ್ಬರು. ಒಬ್ಬ ನ್ಯಾಯಾಧೀಶರ ತಮ್ಮ. ರೇಷ್ಮೆಯ ಜುಬ್ಬಾ, ನಯವಾದ ಮಾತು, ಅಣ್ಣನ ಅಡುಗೆಮನೆಗೆ ಹಿತ್ತಿಲ ಬಾಗಿಲಿನಿಂದ ಬರುವ ಚಾಳಿ. ಇನ್ನೊಬ್ಬ ಅವರಿಗೆ ದಿನವೂ ಇಂಜೆಕ್ಷನ್ ಕೊಡಲು ಬರುತ್ತಿದ್ದ ಬಡ ಕಂಪೌಂಡರ್ ರಘು. ಈ ರಘುವಿನ ಪಾತ್ರ ಮಾಡಿದವನು ನಮ್ಮ ಎದುರುಮನೆಯ ನೀಲವ್ವನ ಮಗ ಈರಪ್ಪ.

ನೀಲವ್ವ ಜೋಳದ ರೊಟ್ಟಿ ಬಡಿದು ಮಾರಿ ಮಗನನ್ನು ಓದಿಸಿದವಳು. ಈರಪ್ಪ ನನ್ನ ವಿದ್ಯಾರ್ಥಿಯಾಗಿದ್ದ. ಅವನು ತರ್ಕಶಾಸ್ತ್ರದಲ್ಲಿ ಪಾಸಾದದ್ದು ಹೇಗೆ ಎಂಬುದು ನನ್ನ ಮಟ್ಟಿಗೆ ತರ್ಕಾತೀತ ವಿಷಯ. ಆದರೆ ಕಾಲೇಜಿನ ನಾಟಕದಲ್ಲಿ ಅವನು ಸುಮ್ಮನೆ ನಿಂತರೂ ಜನ ಅವನನ್ನೇ ನೋಡುತ್ತಿದ್ದರು. ನಾಟಕದ ಹುಚ್ಚಿನಲ್ಲೇ ಬೆಂಗಳೂರಿಗೆ ಹೋದವನು ನಾಲ್ಕಾರು ವರ್ಷ ಗುಂಪಿನಲ್ಲಿ ನಿಂತು, ಹೆಗಲಷ್ಟೇ ಕಾಣಿಸಿ, ಕೊನೆಗೆ ಈ ಧಾರಾವಾಹಿಯಲ್ಲಿ ಮುಖವನ್ನೂ ಕಾಣಿಸಿದ್ದ. ಅವತ್ತಿನಿಂದ ನೀಲವ್ವ ಭಾನುವಾರದ ಸಂಜೆಗಳಂದು ಮಿಂದು, ಇಳಕಲ್ ಸೀರೆ ಉಟ್ಟು ನಮ್ಮ ಟೀವಿಯ ಮುಂದೆ ಬಂದು ಕೂರತೊಡಗಿದಳು. ಅವಳ ಹಿಂದೆ ಟೆಂಪೊ ಹೊಡೆಯುವ ಹುಸೇನಸಾಬ. ದೊಡವಾಡದ ಹಾದಿಯಲ್ಲಿ ಜನರನ್ನು ತುಂಬಿಕೊಂಡು ಹೋಗಿ ಬರುತ್ತಿದ್ದ ಈ ಮನುಷ್ಯ ವಾರವಿಡೀ ಮಾತಾಡುವುದು ಕಡಿಮೆ. ಭಾನುವಾರ ಮಾತ್ರ ಪತ್ತೇದಾರ.

ರಘು ಎಂಥವನೆಂದರೆ, ಧಾರಾವಾಹಿಯಲ್ಲಿ ಒಳ್ಳೆಯತನದ ಇಲಾಖೆಯನ್ನೆಲ್ಲ ಅವನೊಬ್ಬನಿಗೇ ವಹಿಸಿಕೊಟ್ಟಂತಿತ್ತು. ಊರಲ್ಲಿರುವ ಮುದಿ ತಂದೆಗೆ ಯುಗಾದಿಗೆ ಧೋತರ ಕಳಿಸಿದ. ನ್ಯಾಯಾಧೀಶರು ಸತ್ತ ಸಂಜೆ, ಅವರ ಮನೆಯಲ್ಲಿ ಹಾಲು ಕಾಯುತ್ತಿದ್ದ ಹೊತ್ತಿಗೆ, ಅವನು ಊರಾಚೆಯ ಆಸ್ಪತ್ರೆಯಲ್ಲಿ ಗುರುತು ಪರಿಚಯವಿಲ್ಲದ ಮಗುವಿಗಾಗಿ ರಕ್ತ ಕೊಡುತ್ತ ಮಲಗಿದ್ದ. ತೋಳಿನಲ್ಲಿ ಸೂಜಿ, ಗೋಡೆಯ ಮೇಲೆ ಗಡಿಯಾರ, ಎಲ್ಲವನ್ನೂ ತೋರಿಸಿದರು. ನೀಲವ್ವ ಆ ಸೂಜಿ ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಾರನೆಯ ದಿನ ನಮ್ಮ ಓಣಿಯಲ್ಲಿ ರೊಟ್ಟಿ ಕೊಳ್ಳಲು ಬಂದವರಿಗೆಲ್ಲ, ನನ್ನ ಮಗ ರಕ್ತ ಕೊಟ್ಟ ಸುದ್ದಿ ಗೊತ್ತಾತೇನ್ರಿ ಎಂದು ಕೇಳಿದಳು. ಅದು ಪಾತ್ರ ಎಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಚೆನ್ನಾಗಿ ಗೊತ್ತಿತ್ತು. ಆದರೆ ಒಳ್ಳೆಯ ಪಾತ್ರ ಸಿಕ್ಕರೆ ಅದರ ಪುಣ್ಯದಲ್ಲಿ ಒಂದಿಷ್ಟು ಪಾಲು ಮಾಡಿದವನಿಗೂ ಬರುತ್ತದೆ ಎಂಬುದು ಅವಳ ನಂಬಿಕೆ. ನಾನೂ ಅದನ್ನು ಖಂಡಿಸಲು ಹೋಗಲಿಲ್ಲ.

ಕೊನೆಯ ಕಂತಿನ ಭಾನುವಾರ ಮಧ್ಯಾಹ್ನವೇ ಕರೆಂಟು ಹೋಯಿತು. ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ಇವತ್ತು ಆಸೆ ಬಿಡಿ ಎಂದರು. ಹುಸೇನಸಾಬ ಹೋಗಿ ತನ್ನ ಟೆಂಪೊದ ಬ್ಯಾಟರಿಯನ್ನೇ ಬಿಚ್ಚಿ, ಹೆಗಲ ಮೇಲೆ ಹೊತ್ತು ತಂದು ನಮ್ಮ ಕಪ್ಪು ಬಿಳುಪು ಟೀವಿಗೆ ಜೋಡಿಸಿದ. ಕಲೆಯ ಸಲುವಾಗಿ ಮನುಷ್ಯ ಮಾಡುವ ತ್ಯಾಗಗಳಲ್ಲಿ ಇದನ್ನು ನಾನು ಬಹಳ ಮೇಲಿಡುತ್ತೇನೆ. ಪಡಸಾಲೆಯಲ್ಲಿ ಕಾಲಿಡಲು ಜಾಗವಿಲ್ಲದಂತೆ ಓಣಿಯ ಜನ ಸೇರಿದ್ದರು. ಪರದೆಯ ಮೇಲೆ ಇನ್‌ಸ್ಪೆಕ್ಟರ್ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ, ಅತ್ತಿತ್ತ ಅಡ್ಡಾಡಿ, ಕೊನೆಗೆ ಬೆರಳು ತೋರಿದ. ಆ ಬೆರಳು ತಮ್ಮನ ಕಡೆಗೆ ಹೋಗಲಿಲ್ಲ. ತಮ್ಮ ಅಲ್ಲಿ ಇರಲೇ ಇಲ್ಲ. ಹಿಂದಿನ ವಾರ ವಿದೇಶಕ್ಕೆ ಹೋದನೆಂದು ಒಂದೇ ಒಂದು ಮಾತಿನಲ್ಲಿ ಅವನನ್ನು ಸಾಗಹಾಕಿದ್ದರು. ಬೆರಳು ನಿಂತದ್ದು ಕಂಪೌಂಡರ್ ರಘುವಿನ ಎದುರು. ರಘು ತಲೆ ತಗ್ಗಿಸಿ, “ಹೌದು, ನಾನೇ ಕೊಂದೆ” ಎಂದ. ಇಪ್ಪತ್ತು ವರ್ಷದ ಹಿಂದೆ ತನ್ನ ತಂದೆಯನ್ನು ಇದೇ ನ್ಯಾಯಾಧೀಶರು ಗಲ್ಲಿಗೇರಿಸಿದ್ದರಂತೆ. ಅದರ ಸೇಡಂತೆ.

ಓದುಗ ಮಿತ್ರರೇ, ನೀವೇ ನ್ಯಾಯ ಹೇಳಿ. ಇಪ್ಪತ್ತು ವರ್ಷದ ಹಿಂದೆ ಗಲ್ಲಿಗೇರಿದ ತಂದೆ ಈ ವರ್ಷದ ಯುಗಾದಿಗೆ ಬಂದ ಧೋತರವನ್ನು ಉಟ್ಟದ್ದು ಯಾವ ಸೊಂಟಕ್ಕೆ? ಆಸ್ಪತ್ರೆಯ ಮಂಚದ ಮೇಲೆ ರಕ್ತ ಕೊಡುತ್ತ ಮಲಗಿದ್ದ ಮನುಷ್ಯ ಅದೇ ಗಳಿಗೆಯಲ್ಲಿ ಇನ್ನೊಂದು ಮನೆಯ ಹಾಲಿನ ಪಾತ್ರೆಯ ಬಳಿ ನಿಂತದ್ದು ಯಾವ ಯೋಗಬಲದಿಂದ? ಒಂದೇ ವಸ್ತು ಏಕಕಾಲಕ್ಕೆ ಇದ್ದೂ ಇಲ್ಲದೆ ಇರಲಾರದು ಎಂದು ನಾನು ವರ್ಷ ವರ್ಷ ಕಪ್ಪು ಹಲಗೆಯ ಮೇಲೆ ಬರೆದು ಸೀಮೆಸುಣ್ಣ ಸವೆಸಿದ್ದು ಇದಕ್ಕೇ ಏನು? ಅಸಂಗತವೆಂಬುದು ಸಾಹಿತ್ಯದಲ್ಲಿ ಒಂದು ಪಂಥವಿರಬಹುದು, ಆದರೆ ಪಂಥಕ್ಕೆ ಸೇರಿದವರು ಮೊದಲೇ ಹೇಳಿ ಸೇರಬೇಕು. ಅಷ್ಟು ವಾರ ಕಾರ್ಯಕಾರಣದ ವೇಷ ಹಾಕಿಕೊಂಡು ಬಂದು ಕೊನೆಯ ದಿನ ವೇಷ ಕಳಚಿದರೆ ಅದಕ್ಕೆ ವಂಚನೆಯೆಂದೇ ಹೆಸರು.

ಹುಸೇನಸಾಬ ತಂತಿ ಬಿಚ್ಚುತ್ತ, “ಅಕ್ಕಾರ, ಇದನ್ನ ನೋಡಾಕ ನಾ ಬ್ಯಾಟರಿ ಬಿಚ್ಚಿದ್ನೇನ್ರಿ?” ಎಂದಷ್ಟೇ ಕೇಳಿದ. ಮರುದಿನ ಟೆಂಪೊ ಚಾಲೂ ಆಗಲಿಲ್ಲ. ದೊಡವಾಡಕ್ಕೆ ಹೋಗುವವರೆಲ್ಲ ಇಳಿದು, ಧಾರಾವಾಹಿ ಬರೆದವನಿಗೆ ಬೈಯುತ್ತ ದೂಡಿದರು.

ನನ್ನ ಸಿಟ್ಟು ಹೀಗೆ ಗದ್ದಲದ್ದಾಗಿತ್ತು. ನೀಲವ್ವ ಮಾತ್ರ ಅವತ್ತು ಯಾರ ಮುಖವನ್ನೂ ನೋಡದೆ ಎದ್ದು ಹೋದಳು. ಮರುದಿನ ಅವಳ ಕಟ್ಟೆಗೆ ರೊಟ್ಟಿಗೆಂದು ಬಂದ ಗೌರಕ್ಕ ನಗುತ್ತ, “ಏನವಾ ಕಂಪೌಂಡರನ ಅವ್ವಾ, ಹಿಟ್ಟಿನ್ಯಾಗ ಏನೂ ಕಲಸಿಲ್ಲಲ್ಲ?” ಎಂದಳಂತೆ. ಸುತ್ತಲಿದ್ದವರು ನಕ್ಕರು. ನೀಲವ್ವನೂ ನಕ್ಕು ರೊಟ್ಟಿ ಎಣಿಸಿ ಕೊಟ್ಟಳು. ಆಮೇಲೆ ಅವಳು ಮಗನ ಸುದ್ದಿ ಎತ್ತುವುದನ್ನೇ ಬಿಟ್ಟಳು. ಭಾನುವಾರ ಕರೆದರೆ, ಸೊಂಟ ಹಿಡಿದಿದೆ ಎನ್ನುವಳು. ರೊಟ್ಟಿ ತರಲು ಹೋದರೆ ಒಲೆಯ ಕಡೆಗೇ ಮುಖ ಮಾಡಿ ಕೂರುವಳು. ತಮಾಷೆಯ ಮಾತನ್ನು ತಮಾಷೆಯೆಂದು ತಿಳಿಯುವ ಬುದ್ಧಿ ಅವಳಿಗಿತ್ತು. ಆದರೆ ಅದನ್ನು ದಿನಾ ಹೊಸಬರ ಬಾಯಲ್ಲಿ ಕೇಳುವ ಶಕ್ತಿ ಇರಲಿಲ್ಲ.

ಮುಂದಿನ ತಿಂಗಳು ಈರಪ್ಪ ಊರಿಗೆ ಬಂದ. ಸುದ್ದಿ ತಿಳಿದದ್ದೇ ನಾನು ನನ್ನ ವಾದದ ಕಟ್ಟುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡು ಎದುರುಮನೆಗೆ ನಡೆದೆ. ಹುಸೇನಸಾಬ ಆಗಲೇ ಅಲ್ಲಿ ಕಂಬಕ್ಕೊರಗಿ ಕುಳಿತಿದ್ದ. ಈರಪ್ಪನ ಮುಖದಲ್ಲಿ ಹಬ್ಬದ ಕಳೆ. ಧಾರವಾಡದ ಬಸ್ಸಿನಲ್ಲಿ ಜನ ತನ್ನ ಗುರುತು ಹಿಡಿದರೆಂದೂ, ಹೆಂಗಸೊಬ್ಬಳು ಕೂಸನ್ನು ಅವುಚಿಕೊಂಡು ಬೇರೆ ಸೀಟಿಗೆ ಎದ್ದು ಹೋದಳೆಂದೂ ಸಂತೋಷದಿಂದ ಹೇಳುತ್ತಿದ್ದ. ನಟನಿಗೆ ಅದು ಪದಕ. ತಾಯಿ ಬೆನ್ನು ತಿರುಗಿಸಿ, ಬೇಯಿಸಿದ ರೊಟ್ಟಿಯ ಬುಟ್ಟಿ ಪಕ್ಕಕ್ಕಿಟ್ಟುಕೊಂಡು ಮತ್ತಷ್ಟು ಹಿಟ್ಟು ನಾದುತ್ತಿದ್ದಳು.

ನಾನು ಧೋತರ, ಗಡಿಯಾರ, ಸೂಜಿ ಎಲ್ಲವನ್ನೂ ಅವನ ಮುಂದಿಟ್ಟೆ. ಅವನು ನಿಜ ಹೇಳಿದ.

“ಖರೇ ಅಂದ್ರ ಆ ತಮ್ಮನೇ ಕೊಂದಿದ್ದರಿ ಮೇಡಂ. ಮೊದ್ಲಿಂದ ಹಂಗ ಬರದಿದ್ರು. ಆದ್ರ ಆ ತಮ್ಮನ ಪಾರ್ಟ್ ಮಾಡಾಂವಗ ಸಿನಿಮಾದಾಗ ಚಾನ್ಸ್ ಸಿಕ್ತು, ಬಿಟ್ಟು ಹೋಗಿಬಿಟ್ಟ. ಕೊಲೆಗಾರ ಇಲ್ಲದ ಮುಗಸೂದು ಹೆಂಗ್ರಿ? ಕಡೀ ಶೂಟಿಂಗಿನ ದಿನ ಮುಂಜಾನೆ ಕಥಿ ಬರಿಯಾವ್ರು ಬಂದು, ನೀನೇ ಕೊಂದದ್ದು ಅಂತ ಹೇಳಿದ್ರು. ನಾ ಕೇಳಿದೆ, ಸರ್, ನಾ ಆ ಹೊತ್ತಿಗೆ ರಕ್ತ ಕೊಡಾಕ ಹತ್ತಿದ್ನೆಲ್ಲ ಅಂತ. ಅದಕ್ಕ ಅವ್ರು, ಅದೆಲ್ಲ ಯಾರು ನೆನಪಿಟ್ಕೊಂಡಿರ್ತಾರೆ ಬಿಡಪ್ಪ ಅಂದ್ರು.”

“ನಾ ನೆನಪ ಇಟ್ಟೇನಲ್ಲ,” ಎಂದ ಹುಸೇನಸಾಬ, ಕಂಬ ಬಿಟ್ಟು ನೆಟ್ಟಗೆ ಕುಳಿತು.

ಕೊಲೆಗಾರ ಬದಲಾದದ್ದನ್ನು ನಾನು ಹೇಗೋ ಕ್ಷಮಿಸಬಹುದಿತ್ತು. ಹೊಟ್ಟೆಪಾಡಿನ ಧಂದೆ, ಇಕ್ಕಟ್ಟುಗಳಿರುತ್ತವೆ. ಆದರೆ ಯಾರು ನೆನಪಿಟ್ಟುಕೊಂಡಿರುತ್ತಾರೆ ಎಂಬ ಆ ಉಡಾಫೆಯನ್ನು ಕ್ಷಮಿಸುವುದು ಹೇಗೆ? ಸವದತ್ತಿಯ ಬಸ್ಸು ನೆನಪಿಟ್ಟಿತ್ತು. ಯರಗಟ್ಟಿಯ ಸಂತೆಯಲ್ಲಿ ಮೆಣಸಿನಕಾಯಿ ಮಾರುವವರು ನೆನಪಿಟ್ಟಿದ್ದರು. ನಾವು ಇಷ್ಟು ಜನ ವಾರವಿಡೀ ಒಂದು ಸೂಜಿಯನ್ನು, ಒಂದು ಧೋತರವನ್ನು ಮನಸ್ಸಿನಲ್ಲಿ ಜೋಪಾನ ಮಾಡಿಟ್ಟುಕೊಂಡು ಕಾದದ್ದು, ಬರೆದವನು ಅದನ್ನು ಮರಳಿ ಕೇಳಿಯಾನು ಎಂಬ ಭರವಸೆಯಿಂದ. ಕೊಟ್ಟವನೇ ಮರೆತರೆ ಕಾಯ್ದಿಟ್ಟವರು ಮೂರ್ಖರೇ? ಇದನ್ನೆಲ್ಲ ನಾನು ಸಾಕಷ್ಟು ದೊಡ್ಡ ದನಿಯಲ್ಲೇ ಹೇಳುತ್ತಿದ್ದೆ. ಆಗ ನೀಲವ್ವ ಹಿಟ್ಟಿನ ಕೈಯಲ್ಲೇ ಈ ಕಡೆ ತಿರುಗಿದಳು.

“ಯಪ್ಪಾ, ನೀ ಹಾಲಿಗೆ ಏನೂ ಹಾಕಿದ್ದಿಲ್ಲ ಹೌದಿಲ್ಲ?”

“ಇಲ್ಲವ್ವ. ಈಗ ಹೇಳಿದೆನೆಲ್ಲ.”

“ಮತ್ತ ಹೌದು ಅಂತ ಯಾಕಂದಿ?”

“ಬರದ ಕೊಟ್ಟಿದ್ರವ್ವ. ಬರದ ಕೊಟ್ಟದ್ದು ಅನ್ನೂದ ನನ್ನ ಕೆಲಸ.”

“ಬರದ ಕೊಟ್ರ ಏನ ಬೇಕಾದ್ದು ಅಂತೀಯೇನು?”

ಈರಪ್ಪನ ಮುಖದ ಹಬ್ಬ ಇಳಿಯಿತು. ಅನ್ನದಿದ್ದರೆ ಮತ್ತೆ ಯಾರೂ ಕರೆಯುತ್ತಿರಲಿಲ್ಲ, ಮತ್ತೆ ಗುಂಪಿನಲ್ಲಿ ಹೆಗಲಾಗಿ ನಿಲ್ಲಬೇಕಾಗುತ್ತಿತ್ತು ಎಂದು ತಗ್ಗಿದ ದನಿಯಲ್ಲಿ ಹೇಳಿದ. ಅದೂ ಸುಳ್ಳಲ್ಲ. ನನಗೆ ನೋವಾದದ್ದು ನಿಯಮ ಮುರಿದದ್ದಕ್ಕೆ. ಅವಳಿಗೆ ನೋವಾದದ್ದು, ಮಾಡದ ತಪ್ಪನ್ನು ಮಾಡಿದೆನೆಂದು ಒಪ್ಪಿಕೊಳ್ಳಲು ತನ್ನ ಮಗ ಇಷ್ಟು ಸಲೀಸಾಗಿ ಕಲಿತನಲ್ಲ ಎಂಬುದಕ್ಕೆ. ಈ ಎರಡರ ನಡುವಿನ ಅಂತರವನ್ನು ಅಳೆಯುವ ಸೂತ್ರ ನಾನು ಕಲಿಸುವ ಪುಸ್ತಕದಲ್ಲಿ ಇರಲಿಲ್ಲ.

ನೀಲವ್ವ ಕೈ ತೊಳೆದುಕೊಂಡು ಬಂದು, “ಅಲ್ಲಿ ಅಂದದ್ದು ಊರೆಲ್ಲ ಕೇಳೇತಿ. ಖರೇ ಏನೈತಿ ಅದನ್ನ ಇಲ್ಲಿ ಅನ್ನು. ಮಂದಿ ರೊಟ್ಟಿಗೆ ಬರೂ ಹೊತ್ತಾತು,” ಎಂದಳು.

ಹೊರಗೆ ಇನ್ನೂ ಇಳಿಬಿಸಿಲಿತ್ತು. ಕಟ್ಟೆಯ ಮುಂದೆ ಏಳೆಂಟು ಹೆಂಗಸರು ಬುಟ್ಟಿ ಹಿಡಿದು ನಿಂತಿದ್ದರು, ಗೌರಕ್ಕನೂ ಇದ್ದಳು. ಈರಪ್ಪ ನಾಚಿಕೊಂಡು ನಗುತ್ತ ಕಟ್ಟೆಯ ಮೇಲೆ ನಿಂತ. ಇನ್‌ಸ್ಪೆಕ್ಟರ್ ಬೇಕಲ್ಲ ಎಂದು ಯಾರೋ ಅಂದಾಗ ಹುಸೇನಸಾಬನನ್ನು ಎಳೆದು ನಿಲ್ಲಿಸಿದರು. ಅವನು ಬೆರಳು ಎತ್ತಿ, ಬಸ್ಸಿನಲ್ಲಿ ಟಿಕೀಟು ಕೇಳುವ ದನಿಯಲ್ಲಿ, “ಏನಪಾ ಕಂಪೌಂಡರ, ನೀನ ಕೊಂದಿ ಹೌದಿಲ್ಲ?” ಎಂದ. ಜನ ನಕ್ಕರು. ಈರಪ್ಪನೂ ನಗುತ್ತಲೇ ಬಾಯಿ ತೆರೆದವನು, ತಾಯಿಯ ಕಡೆ ನೋಡಿ ನಗು ನಿಲ್ಲಿಸಿದ.

“ಇಲ್ರಿ ಸಾಹೇಬರ,” ಎಂದ. “ನಾ ಕೊಂದಿಲ್ಲ. ಆ ಹೊತ್ತಿಗೆ ನಾ ಒಂದು ಕೂಸಿಗೆ ರಕ್ತ ಕೊಡಾಕ ಹತ್ತಿದ್ದೆ. ನಮ್ಮಪ್ಪನ್ನ ಯಾರೂ ಗಲ್ಲಿಗೆ ಹಾಕಿಲ್ಲ. ಅಂವಗ ನಾ ಧೋತರ ಕಳಿಸೇನಿ. ನಾ ಯಾರಿಗೂ ಏನೂ ಮಾಡಿಲ್ಲ.”

ಈ ಮಾತನ್ನು ಯಾರೂ ಬರೆದುಕೊಟ್ಟಿರಲಿಲ್ಲ. ಇಡೀ ಧಾರಾವಾಹಿಯಲ್ಲಿ ಅವನು ಅಷ್ಟು ಚೆನ್ನಾಗಿ ಅಭಿನಯಿಸಿದ್ದನ್ನು ನಾನು ನೋಡಿರಲಿಲ್ಲ. ಅದು ಅಭಿನಯವೇ ಆಗಿತ್ತೋ ಇಲ್ಲವೋ ಎಂದು ಈಗ ಖಚಿತವಾಗಿ ಹೇಳಲಾರೆ. ಗೌರಕ್ಕ ಬುಟ್ಟಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿ, “ನಾ ಚ್ಯಾಷ್ಟಿಗೆ ಅಂದಿದ್ದೆ ನೀಲವ್ವ, ಮನಸಿಗೆ ಹಚಗೋಬ್ಯಾಡ,” ಎಂದಳು.

ಹುಸೇನಸಾಬ ಮಾತ್ರ ಬೆರಳು ಇಳಿಸಿರಲಿಲ್ಲ. “ಅದಾತು. ಹಂಗಾರ ಕೊಂದಾಂವ ಯಾರು?” ಎಂದು ಕೇಳಿದ. ಎಲ್ಲರೂ ನನ್ನ ಕಡೆ ತಿರುಗಿದರು. ಎಷ್ಟು ವಾರಗಳಿಂದ ನಾನು ಇದಕ್ಕಾಗಿ ಕಾದಿದ್ದೆ. ಹಿತ್ತಿಲ ಬಾಗಿಲು, ಹಾಲಿನ ಪಾತ್ರೆ, ರೇಷ್ಮೆಯ ಜುಬ್ಬಾ, ಒಂದೊಂದೂ ತುದಿನಾಲಗೆಯ ಮೇಲಿದ್ದವು. ಗಂಟಲು ಸರಿಪಡಿಸಿಕೊಂಡೆ.

“ಬಾಯಾರ, ಬಿಡ್ರಿ,” ಎಂದಳು ನೀಲವ್ವ, ರೊಟ್ಟಿಯ ಬುಟ್ಟಿಯ ಮೇಲಿನ ಬಟ್ಟೆ ಸರಿಸುತ್ತ. “ಆ ತಮ್ಮನ ಪಾರ್ಟ್ ಮಾಡಿದ ಹುಡುಗಗೂ ಎಲ್ಲೆರ ಒಬ್ಬಾಕಿ ಅವ್ವ ಇರ್ತಾಳ.”

ನಾನು ಹೇಳುವುದನ್ನು ಬಿಟ್ಟು ಕೈ ಚಾಚಿದೆ. ಅವಳು ನನ್ನ ಪಾಲಿನ ರೊಟ್ಟಿ ಎಣಿಸಿ ಕೈಗಿಟ್ಟಳು, ಇನ್ನೂ ಬಿಸಿಯಾಗಿದ್ದವು.