ಕಾರಿಡಾರಿನಲ್ಲಿ ಅಮ್ಮನ ಕೈ

ನನ್ನ ಮುಂದಿನ ಹಲ್ಲುಗಳಲ್ಲಿ ಒಂದು ಮುಳಬಾಗಿಲಿನ ಕಬಡ್ಡಿ ಅಂಕಣದ ಮಣ್ಣಿನಲ್ಲಿದೆ, ಇನ್ನೊಂದು ಕೋಲಾರದಲ್ಲಿ. ಕಿತ್ತವರೂ ಸುಮ್ಮನೆ ಮನೆಗೆ ಹೋಗಲಿಲ್ಲ. ಒಬ್ಬ ಇವತ್ತಿಗೂ ಕುಂಟುತ್ತಾನೆ. ಮದುವೆ ಮನೆಗಳಲ್ಲಿ ಸಿಕ್ಕರೆ ಅವನೇ ಮೊದಲು ನಮಸ್ಕಾರ ಮಾಡುತ್ತಾನೆ.

ಹೈಸ್ಕೂಲಿನ ಡ್ರಿಲ್ ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ಹೊತ್ತು ಹೋಗದೆ ಮೊಮ್ಮಕ್ಕಳ ಚಪ್ಪಲಿಗೆ ಗೋಂದು ಹಚ್ಚುತ್ತಾ ಕೂತಿದ್ದೆ. ತಡೆಯಲಾರದೆ ಸೊಸೆಯೇ ಎಲ್ಲೋ ವಿಚಾರಿಸಿ ನನಗೊಂದು ಕೆಲಸ ಹುಡುಕಿದಳು. ಮಾಲೂರಿನ ಕಡೆ, ಟೇಕಲ್ ಬೆಟ್ಟ ಕಾಣುವ ಹಾಗೆ ಕಟ್ಟಿದ ಒಂದು ಪುಟ್ಟ ಕಾಲೇಜು. ಸಂಜೆ ಹೊತ್ತು ಅಲ್ಲಿನ ಮಕ್ಕಳಿಗೆ ಆಟ ಕಲಿಸಬೇಕು.

ಆ ಕಾಲೇಜಿನಲ್ಲಿ ಎಂಜಿನಿಯರಿಂಗ್ ಇಲ್ಲ, ಕಾಮರ್ಸ್ ಇಲ್ಲ. ಸಾಹಿತ್ಯ, ಇತಿಹಾಸ, ತತ್ವಶಾಸ್ತ್ರ, ಫೋಟೋ ತೆಗೆಯುವುದು, ಎಲ್ಲವನ್ನೂ ಒಟ್ಟಿಗೆ ಕಲಿಸುತ್ತಾರೆ. ಮಕ್ಕಳು ಬೆಂಗಳೂರು, ಮುಂಬೈ, ದೆಹಲಿಯವರು. ಹರಿದ ಪ್ಯಾಂಟನ್ನೇ ಅಂಗಡಿಯಿಂದ ಕೊಂಡು ಹಾಕಿಕೊಳ್ಳುವವರು. ಜೊತೆಗೆ ನಮ್ಮ ಜಿಲ್ಲೆಯ ಕೆಲವರಿಗೆ ಫೀಸಿಲ್ಲದ ಸೀಟು. ಇವರು ಪ್ಯಾಂಟಿಗೆ ಇಸ್ತ್ರಿ ಹಾಕಿಕೊಂಡು ಬರುತ್ತಿದ್ದರು. ಯಾರು ಯಾರೆಂದು ತಿಳಿಯಲು ಅಷ್ಟು ಸಾಕು.

ಇಸ್ತ್ರಿಯವರಲ್ಲೊಬ್ಬಳು ರಾಯಲ್ಪಾಡಿನ ಹುಡುಗಿ. ಟೊಮೇಟೊ ಕ್ರೇಟು ಎತ್ತಿ ಬೆಳೆದ ಭುಜ. ತರಗತಿಯಲ್ಲಿ ಬಾಯಿ ಬಿಡುತ್ತಿರಲಿಲ್ಲವಂತೆ. ಅಂಕಣದಲ್ಲಿ ಮಾತ್ರ ಅವಳು ಕಾಲು ಹಿಡಿದರೆ ಹಿಡಿಸಿಕೊಂಡವರು ದೇವರನ್ನು ಕರೆಯುತ್ತಿದ್ದರು. ಆ ಹಿಡಿತ ಕಲಿಸಿದವನು ನಾನೇ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ಅರ್ಧ ನಿಜ.

ಒಂದು ದಿನ ಆಟ ಮುಗಿದ ಮೇಲೆ ಅವಳು ನಿಂತೇ ಇದ್ದಳು.

"ಸಾರ್, ಕಾರಿಡಾರಲ್ಲಿರೋ ಆ ಫೋಟೋ ತೆಗಿಸ್ಬೋದಾ?"

"ಯಾವ್ದವ್ವಾ? ಟೊಮೇಟೊ ಮೇಲೆ ಕೈ ಇರೋದಾ? ಚೆನ್ನಾಗೈತಲ್ಲ."

"ಅದು ನಮ್ಮಮ್ಮ ಸಾರ್."

ತರಗತಿಯವರೆಲ್ಲ ಹಳ್ಳಿಯ ಬದುಕು ನೋಡಲೆಂದು ಟೊಮೇಟೊ ಮಂಡಿಗೆ ಹೋಗಿದ್ದರು. ಇವಳ ತಾಯಿ ಅಲ್ಲೇ ಹಣ್ಣು ಆರಿಸುವ ಕೂಲಿ. ಇವಳು ಜ್ವರವೆಂದು ಹೇಳಿ ಹಾಸ್ಟೆಲಿನಲ್ಲಿ ಉಳಿದಿದ್ದಳು. ಬೆಂಗಳೂರಿನ ಒಬ್ಬ ಹುಡುಗಿ ತೆಗೆದ ಫೋಟೋಗೆ ಬಹುಮಾನ ಬಂದು, ಗಾಜು ಹಾಕಿಸಿ ಗೋಡೆಗೆ ಏರಿಸಿದ್ದರು. ಬಿರುಕು ಬಿಟ್ಟ ಎರಡು ಕೈ, ಮೇಲೆ ಅರ್ಧ ಮುಖ, ಮೂಗುಬೊಟ್ಟು. ಕೆಳಗೆ ಇಂಗ್ಲಿಷಿನಲ್ಲಿ, ಹೆಸರಿಲ್ಲದ ದುಡಿಮೆ ಎಂಬ ಅರ್ಥದ ಮಾತು.

"ಮತ್ತೆ ಆ ಹುಡ್ಗೀಗೇ ಹೇಳು."

"ಹೇಳಿದ್ರೆ ಎಲ್ರೂ ಇನ್ನೊಂದ್ ಸಲ ಹೋಗಿ ನೋಡ್ತಾರೆ ಸಾರ್. ಆಮೇಲೆ ಬಂದು ನನ್ ಕೈ ನೋಡ್ತಾರೆ."

ಇದಕ್ಕೆಲ್ಲ ಅರ್ಜಿ ಬರೆಯುವ ಜಾತಿಯವನಲ್ಲ ನಾನು. ಮಾರನೆಯ ದಿನ ಹಾಡುಹಗಲಲ್ಲೇ ಫೋಟೋ ಇಳಿಸಿ, ವಾಲಿಬಾಲ್ ನೆಟ್ಟಿನಲ್ಲಿ ಸುತ್ತಿ, ಹೆಗಲ ಮೇಲಿಟ್ಟುಕೊಂಡು ಗೇಟು ದಾಟಿದೆ. ಸೆಕ್ಯುರಿಟಿಯವನು ಸೆಲ್ಯೂಟ್ ಹೊಡೆದ. ಫೋಟೋ ನಮ್ಮ ಮನೆಯ ಅಟ್ಟ ಸೇರಿತು. ಇಂಥ ಕಳ್ಳತನ ನಮ್ಮ ತಾಲೂಕಿನಲ್ಲಿ ಇನ್ನೊಬ್ಬ ಮಾಡಿ ತೋರಿಸಲಿ.

ಆದರೆ ಕಾಲೇಜಿನವರು ನನಗಿಂತ ಕಿಲಾಡಿಗಳು. ಕದಿಯುವಷ್ಟು ಶಕ್ತಿ ಆ ಚಿತ್ರಕ್ಕಿದೆ ಎಂದು ಡೈರೆಕ್ಟರು ಸಭೆಯಲ್ಲಿ ಹೊಗಳಿ, ಮೊದಲಿನದಕ್ಕಿಂತ ದೊಡ್ಡದು ಮಾಡಿಸಿ ತಂದು ಹಾಕಿಸಿದರು. ಈಗ ಉಗುರಿನೊಳಗಿನ ಮಣ್ಣೂ ಕಾಣುತ್ತಿತ್ತು. ಹುಡುಗಿ ನನ್ನತ್ತ ಒಮ್ಮೆ ನೋಡಿದಳು.

ಆ ಶನಿವಾರ ಕಬಡ್ಡಿ ಇತ್ತು. ರಾಯಲ್ಪಾಡಿನ ಹುಡುಗಿ ಮೊಣಕಾಲಿಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದಾಗ, ಆ ಫೋಟೋ ತೆಗೆದ ಬೆಂಗಳೂರಿನ ಹುಡುಗಿ ಕ್ಯಾಮೆರಾ ಹಿಡಿದು ಬಂದು ಬಗ್ಗಿದಳು.

"ಕೈ ಹಾಗೇ ಇಟ್ಕೊಳೇ, ಪ್ಲೀಸ್. ಲೈಟ್ ತುಂಬಾ ಚೆನ್ನಾಗಿದೆ."

ರಾಯಲ್ಪಾಡಿನ ಹುಡುಗಿ ಕೈ ಹಾಗೇ ಇಟ್ಟಳು. ಕ್ಲಿಕ್ಕಾಯಿತು. ಆಮೇಲೆ ಎದ್ದು ಅಂಕಣಕ್ಕೆ ಹೋದಳು. ಅವಳ ದವಡೆ ನೋಡಿದಾಗಲೇ ನನಗೆ ಗೊತ್ತಾಯಿತು, ಇವತ್ತು ಯಾರದೋ ಮೂಳೆ ಮನೆಗೆ ಸರಿಯಾಗಿ ಹೋಗುವುದಿಲ್ಲ.

ಫೋಟೋದ ಹುಡುಗಿಯೇ ಕಬಡ್ಡಿ ಕಬಡ್ಡಿ ಎನ್ನುತ್ತ ಬಂದಳು. ಉದ್ದ ಕಾಲು, ಚುರುಕು. ರಾಯಲ್ಪಾಡಿನವಳ ಕೈಗೆ ಅವಳ ಹಿಮ್ಮಡಿ ಸಿಕ್ಕಿತು. ಬಿದ್ದರೂ ತೆವಳಿ ಬೆರಳಿನಿಂದ ನಡುಗೆರೆ ಮುಟ್ಟಿಬಿಟ್ಟಳು. ನಾನು ಸೀಟಿ ಊದಿದೆ. ಅಲ್ಲಿಗೆ ಬಿಡಬೇಕು. ಇವಳು ಬಿಡಲಿಲ್ಲ. ಕಾಲು ಹಿಡಿದು ಹಿಂದಕ್ಕೆ ದರದರ ಎಳೆದಳು, ಬೆನ್ನ ಮೇಲೆ ಕೂತಳು, ಮುಖ ಮಣ್ಣಿಗೆ ಒತ್ತಿ ತೋಳನ್ನು ಹಿಂದಕ್ಕೆ ತಿರುಚಿದಳು. ಹೆಗಲಿನ ಹತ್ತಿರ ಒಣ ಸೌದೆ ಮುರಿದ ಹಾಗೆ ಸದ್ದಾಯಿತು.

ಹರಿದ ಪ್ಯಾಂಟಿನವರು ಒಳಗೆ ನುಗ್ಗಿದರು, ಇಸ್ತ್ರಿಯವರೂ ನುಗ್ಗಿದರು. ಇಷ್ಟು ದಿನ ಒಂದೇ ಸಾಲಿನಲ್ಲಿ ಕೂತು ಉಂಡವರು. ಒಬ್ಬನ ಕಿವಿಯನ್ನು ಯಾರೋ ಕಚ್ಚಿದರು, ಒಬ್ಬಳ ತುಟಿ ಸೀಳಿತು, ಕನ್ನಡಕಗಳು ಕಾಲಡಿಯಲ್ಲಿ ಪುಡಿಯಾದವು. ಬಿಡಿಸಲು ಹೋದ ನನಗೆ ಯಾವುದೋ ಮೊಣಕೈ ಬಡಿದು ಬಾಯಲ್ಲಿ ರಕ್ತದ ರುಚಿ. ಹಳೆಯ ರುಚಿ, ಗುರುತು ಸಿಕ್ಕಿತು.

ಫೋಟೋದ ಹುಡುಗಿ ತೋಳಿಗೆ ಜೋಳಿಗೆ ಹಾಕಿಸಿಕೊಂಡು ಆಸ್ಪತ್ರೆಯಿಂದ ವಾಪಸು ಬಂದ ಮೇಲೆ ಅಂಕಣದ ಪಕ್ಕದ ಕಟ್ಟೆಯ ಮೇಲೆ ಡೈರೆಕ್ಟರು ವಿಚಾರಣೆಗೆ ಕೂತರು. ಆಟದಲ್ಲಿ ಆದ ಪೆಟ್ಟಾದರೆ ಯಾರ ಮೇಲೂ ಕ್ರಮವಿಲ್ಲ. ಬೇಕೆಂದೇ ಹೊಡೆದಿದ್ದರೆ ರಾಯಲ್ಪಾಡಿನ ಹುಡುಗಿಯ ಸೀಟು ಹೋಗುತ್ತದೆ. ಸೀಟಿ ಊದಿದವನು ನಾನು. ನನ್ನ ಮಾತೇ ಕೊನೆ.

"ಆಟನೇ ಸಾರ್ ಅದು," ಎಂದೆ. "ನಿಮ್ಗೆ ಆಟ ಗೊತ್ತಿಲ್ಲ, ಅದ್ಕೇ ಹೊಡೆದಾಟದ್ ತರ ಕಾಣ್ತದೆ. ಇಲ್ಲಿ ಬನ್ನಿ, ತೋರಿಸ್ತೀನಿ."

ಡೈರೆಕ್ಟರು ಸಾಧು ಮನುಷ್ಯ, ಖಾದಿ ಜುಬ್ಬಾ. ಕಲಿಯುವ ಕುತೂಹಲ ಇರಬೇಕು ಎಂದು ಮಕ್ಕಳಿಗೆ ದಿನಾ ಹೇಳುವವರು ಬೇಡವೆನ್ನಲಾರದೆ ಅಂಕಣಕ್ಕೆ ಇಳಿದರು. ನಾನು ಹಿಮ್ಮಡಿ ಹಿಡಿದು ಎಳೆದೆ. ಅಷ್ಟು ಸಲೀಸಾಗಿ ಬೀಳುತ್ತಾರೆಂದು ಗೊತ್ತಿರಲಿಲ್ಲ. ಮೂಗು ನೆಲಕ್ಕೆ ಬಡಿದು ಬಿಳಿ ಜುಬ್ಬಾದ ಮೇಲೆ ರಕ್ತ ಸುರಿಯಿತು.

"ಇದನ್ನ ಆಟ ಅಂತೀರಾ?" ಎಂದರು, ಮೂಗು ಹಿಡಿದುಕೊಂಡು.

"ಹೌದು ಸಾರ್. ನಮ್ಗೊಂದ್ ಪಾಯಿಂಟು."

ಹುಡುಗಿ ಎದ್ದು ನಿಂತಳು. "ಸಾರ್, ಸಾಕು ಬಿಡಿ. ಆಟ ಅಲ್ಲ ಅದು. ಸೀಟಿ ಕೇಳಿಸ್ತು ನಂಗೆ. ಮುರೀಬೇಕು ಅಂತ್ಲೇ ಮುರಿದೆ." ಜೋಳಿಗೆಯವಳ ಕಡೆ ತಿರುಗಿದಳು. "ಆ ಗೋಡೆ ಮೇಲಿರೋಳು ನಮ್ಮಮ್ಮ."

ಜೋಳಿಗೆಯ ಹುಡುಗಿಯ ಮುಖ ಬಿಳುಚಿತು. "ನಂಗೆ ಗೊತ್ತಿರ್ಲಿಲ್ಲ ಕಣೇ. ಮೊದ್ಲೇ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಏನ್ಮಾಡ್ತಿದ್ದೆ?"

"ಕೆಳಗೆ ಅವ್ರ ಹೆಸರು ಹಾಕ್ತಿದ್ದೆ."

ರಾಯಲ್ಪಾಡಿನ ಹುಡುಗಿ ನಕ್ಕಳು. ನೋಡಲಾಗದ ನಗು ಅದು. ಕ್ಷಮಾಪಣೆ ಬರೆದುಕೊಟ್ಟರೆ ಸೀಟು ಉಳಿಸಬಹುದು ಎಂದು ಡೈರೆಕ್ಟರು ಮೂಗಿನೊಳಗಿಂದಲೇ ಹೇಳಿದರು. ಬರೆಯುತ್ತೇನೆ, ಮೊದಲು ಫೋಟೋ ಇಳಿಸಿ ಎಂದಳು ಇವಳು. ಅದು ಕಲೆ, ಅದರ ವಿಷಯ ಬೇರೆ ಎಂದರು ಅವರು.

ಅವಳು ಸೀದಾ ಕಾರಿಡಾರಿಗೆ ನಡೆದಳು. ಚೌಕಟ್ಟು ಕಿತ್ತು ನೆಲಕ್ಕೆ ಅಪ್ಪಳಿಸಿದಳು. ಗಾಜಿನ ಚೂರುಗಳ ನಡುವಿನಿಂದ ಬರಿಗೈಯಲ್ಲಿ ಚಿತ್ರ ಎಳೆದು ಸುರುಳಿ ಸುತ್ತಿದಳು. ಅಂಗೈಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಗೇಟಿನ ತನಕ ಯಾರೂ ತಡೆಯಲಿಲ್ಲ. ನನ್ನ ಕೆಲಸವೂ ಅಲ್ಲಿಗೆ ಮುಗಿದಿತ್ತಲ್ಲ, ಹಿಂದೆಯೇ ಹೊರಟೆ. ಶ್ರೀನಿವಾಸಪುರ ದಾಟಿ ಬಸ್ಸಿಳಿದಾಗ ಅವಳ ತಾಯಿ ಇನ್ನೂ ಮಂಡಿಯಲ್ಲೇ ಇದ್ದಳು.

ಸೀಟು ಹೋಯಿತೆಂದು ಕೇಳಿದ್ದೇ ತಡ, ತಾಯಿ ಮಗಳ ಕೆನ್ನೆಗೆ ಬಾರಿಸಿದಳು. ಗೋಡೆಯ ಮೇಲೆ ಅಷ್ಟು ದಿನ ಸುಮ್ಮನಿದ್ದ ಆ ಕೈ ಎಂಥ ಕೈ ಎಂದು ಆಗ ಗೊತ್ತಾಯಿತು.

"ಬುದ್ಧಿ ಉಂದಾ ನೀಕು? ಬುದ್ಧಿ ಐತಾ ನಿಂಗೆ? ನಾನಿಲ್ಲಿ ಸಾಯ್ತಾ ಇರೋದು ಯಾತಕ್ಕೆ?" ಇನ್ನೊಂದು ಬಾರಿಸಿದಳು. ನಡುವೆ ಹೋದ ನನಗೂ ಒಂದು ತಗುಲಿತು. ಕಬಡ್ಡಿಯಲ್ಲಿ ತಿಂದದ್ದು ಅದರ ಮುಂದೆ ಏನೂ ಅಲ್ಲ.

ಈಗ ಹುಡುಗಿ ಶ್ರೀನಿವಾಸಪುರದ ಸರ್ಕಾರಿ ಕಾಲೇಜಿನಲ್ಲಿ ಬಿಎ ಓದುತ್ತಾಳೆ, ಸಂಜೆ ಕ್ರೇಟು ಎತ್ತುತ್ತಾಳೆ. ಆವತ್ತು ಮಾತ್ರ ಎಲ್ಲ ಮುಳುಗಿದ ಹಾಗಿತ್ತು. ತಾಯಿ ಉಸಿರು ಬಿಡುತ್ತಾ ಕ್ರೇಟಿನ ಮೇಲೆ ಕೂತು, ಕೆಳಗೆ ಬಿದ್ದಿದ್ದ ಸುರುಳಿ ಬಿಚ್ಚಿದಳು. ಬಹಳ ಹೊತ್ತು ನೋಡಿದಳು. ಸೆರಗಿನಿಂದ ಅದರ ಮೇಲಿದ್ದ ರಕ್ತದ ಕಲೆ ಒರೆಸಿದಳು.

"ಚೆನ್ನಾಗ್ ಬಿದ್ದೈತಲ್ಲೇ," ಎಂದಳು. "ಮೂಗುಬೊಟ್ಟೂ ಬಂದೈತೆ. ಇದ್ರ ಗಾಜು ಎಲ್ಲಿ?"

ಮಗಳು ಕೊಯ್ದ ಅಂಗೈಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು.

"ಗಾಜಿರೋದು ನಮ್ಮನೇಲೊಂದೈತೆ ಕಣಮ್ಮ," ಎಂದೆ, ಎರಡು ಹೆಜ್ಜೆ ಹಿಂದೆ ಸರಿದು. "ತಂದ್ಕೊಡ್ತೀನಿ."