ಎಡಗೈ ಗಂಟು

ಬೀದಿಯವರೆಲ್ಲ ಅವಳನ್ನು ಎಡಚಿ ಎಂದೇ ಕರೆಯುತ್ತಿದ್ದರು. ಕತ್ತರಿ, ಪೊರಕೆ, ನೂಲು, ಕೊನೆಗೆ ಜಗಳದಲ್ಲಿ ಎದುರಿನವರ ಮುಖಕ್ಕೆ ತೋರಿಸುವ ಬೆರಳೂ ಎಡಗೈಯದೇ. ಗಂಡನ ಅಣ್ಣನ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಇಪ್ಪತ್ತು ವರ್ಷ ಸೆಣಬಿನ ನೆಲಹಾಸು ನೇಯ್ದಳು. ಭಾವ ಮಾರುತ್ತಿದ್ದ. ನೇಯ್ದು ಮುಗಿಸಿದ ಪ್ರತಿಯೊಂದರ ಮೂಲೆಗೂ ಸೆಣಬಿನದೇ ಮೂರು ಸುತ್ತಿನ ಗಂಟು ಹಾಕುವುದು ಅವಳ ಪದ್ಧತಿ. ಮನೆಯೊಳಗೆ ಪ್ಲಾಸ್ಟಿಕ್ ಬೇಡ ಎನ್ನುವವರು ಬಂದರೆ ಮೊದಲು ಮೂಲೆ ತಿರುವಿ ಆ ಗಂಟು ಹುಡುಕುತ್ತಿದ್ದರು. ಸವೆದ ಮೇಲೆ ಗೊಬ್ಬರದ ಗುಂಡಿಗೆ ಹಾಕಿ, ಮಣ್ಣಾಗುತ್ತದೆ ಎಂದು ಅವಳು ಹೇಳಿದ್ದನ್ನೇ ಭಾವ ದಪ್ಪ ಅಕ್ಷರದಲ್ಲಿ ಬೋರ್ಡಿನ ಮೇಲೆ ಬರೆಸಿದ್ದ.

ಹೋದ ವರ್ಷ ಶಾಲೆಯ ಹೆಡ್‌ಮೇಡಂ ಅಂಗಡಿಗೆ ಬಂದು ಜಗಳ ತೆಗೆದರು. ಅವರ ನೆಲಹಾಸು ಗುಂಡಿಯಲ್ಲಿ ವರ್ಷವಿಡೀ ಬಿದ್ದಿದ್ದರೂ ಕೊಳೆತಿರಲಿಲ್ಲ. ಭಾವ ಕಣ್ಣು ಸಹ ಮಿಟುಕಿಸಲಿಲ್ಲ.

"ಮೂಲೇಲಿ ಗಂಟಿತ್ತು ತಾನೇ ಮೇಡಂ? ಹಾಗಾದ್ರೆ ನಮ್ಮ ಎಡಚಿ ಕೆಲಸಾನೇ. ಪ್ಲಾಸ್ಟಿಕ್ ನೂಲು ಸೇರ್ಸಿದಾಳೆ. ಮನೆಯವಳು ಅಂತ ನಂಬಿದ್ದೆ," ಎಂದುಬಿಟ್ಟ.

ಒಳಗಿದ್ದ ಅವಳು ಮಗ್ಗ ಬಿಟ್ಟು ಎದ್ದು ಬರುವಷ್ಟರಲ್ಲಿ ಮೇಡಂ ಮೆಟ್ಟಿಲಿಳಿದಾಗಿತ್ತು. ಸಂಜೆಯೊಳಗೆ ಇಡೀ ಬೀದಿಗೆ ಅವಳು ಕಳ್ಳಿ. ಮರುದಿನ ಮಗ್ಗದ ಕೋಣೆಗೆ ಬೀಗ ಬಿತ್ತು.

"ಹೋಗ್ಲಿ ಬಿಡು, ಅಣ್ಣ ತಾನೇ," ಎಂದ ಗಂಡ.

"ಅಣ್ಣ ನಿಮಗೆ, ನನಗಲ್ಲ," ಎಂದವಳು ವಾರವಿಡೀ ಗಂಡನ ಜೊತೆಗೂ ಮಾತು ಬಿಟ್ಟಳು.

ಬೈದು ಹಗುರಾಗುವ ಪೈಕಿ ಅವಳಲ್ಲ. ತಂಗಿಯನ್ನು ಕಳಿಸಿ ಅದೇ ಅಂಗಡಿಯಿಂದ ಒಂದು 'ಅಪ್ಪಟ ಸೆಣಬು' ತರಿಸಿದಳು. ಮೂಲೆ ತಿರುವಿದಾಗ ಮೈಯೆಲ್ಲ ಉರಿದುಹೋಯಿತು. ಮೂರು ಸುತ್ತು, ಅವಳದೇ ಅಳತೆ. ಆದರೆ ಅವಳ ಗಂಟಿನ ತುದಿ ಎಡಕ್ಕೆ ವಾಲುತ್ತದೆ, ಇದರದು ಬಲಕ್ಕೆ ವಾಲಿತ್ತು. ಆ ಗಂಟು ಬಲ್ಲವನು ಇನ್ನೊಬ್ಬನೇ. ಹತ್ತು ವರ್ಷದ ಹಿಂದೆ ಭಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳೇ ಹೇಳಿಕೊಟ್ಟಿದ್ದಳು.

ಆಗಲೇ ಹೋಗಿ ಕಿರುಚಬಹುದಿತ್ತು. ಆದರೆ ಅವನು ತನ್ನ ಮಾನ ಕಳೆದದ್ದು ಬೀದಿಯ ಮುಂದೆ. ತನಗೂ ಬೀದಿಯೇ ಬೇಕು ಎಂದುಕೊಂಡಳು. ಹಿತ್ತಲಲ್ಲಿ ಗುಂಡಿ ತೋಡಿ ತನ್ನದೊಂದು, ಅವನದೊಂದು ಪಕ್ಕಪಕ್ಕ ಹೂತಳು. ಹತ್ತು ತಿಂಗಳು ಪ್ರತಿ ಬೆಳಿಗ್ಗೆ ತರಕಾರಿ ತೊಳೆದ ನೀರು ಹೊಯ್ದಳು. ಹೊಯ್ಯುವಾಗ ಭಾವನ ಮುಖ ಕಣ್ಣ ಮುಂದೆ ಬರುತ್ತಿತ್ತು. ಇಡೀ ದಿನದಲ್ಲಿ ಅವಳಿಗೆ ಖುಷಿ ಕೊಡುತ್ತಿದ್ದದ್ದು ಅದೊಂದೇ ಕೆಲಸ.

ಕೊನೆಗೆ ಶಾಲೆಯಲ್ಲಿ ಪರಿಸರಸ್ನೇಹಿ ಮನೆಯ ಬಗ್ಗೆ ಸಭೆ ಸೇರಿತು. ಸ್ವಂತ ತಮ್ಮನ ಹೆಂಡತಿಯನ್ನೇ ಹೊರಗಟ್ಟಿದ ಪ್ರಾಮಾಣಿಕ ಎಂದು ಹೆಡ್‌ಮೇಡಂ ಭಾವನನ್ನೇ ಮಾತಿಗೆ ಕರೆದಿದ್ದರು. ನೆಲಹಾಸು ಆರಿಸುವಾಗ ಹಿಂಬದಿ ನೋಡಿ, ಎಳೆ ಸುಟ್ಟು ವಾಸನೆ ನೋಡಿ ಎಂದು ಅವನು ಅವಳ ಮಾತನ್ನೇ ಒಪ್ಪಿಸುತ್ತಿದ್ದಾಗ ಎಡಚಿ ಬಕೆಟ್ಟು, ಗೋಣಿಚೀಲ ಹಿಡಿದು ವೇದಿಕೆ ಹತ್ತಿದಳು.

"ಎರಡನ್ನೂ ಒಂದೇ ದಿನ ಹೂತಿದ್ದೆ. ಇದು ನಾನು ನೇಯ್ದಿದ್ದು," ಎಂದು ಬಕೆಟ್ಟು ಬಗ್ಗಿಸಿದಳು. ಬರೀ ಕಪ್ಪು ಮಣ್ಣು. "ಇದು ಭಾವ ಮಾರಿದ್ದು." ಚೀಲದಿಂದ ತೆಗೆದು ಎರಡು ಸಲ ಒದರಿದಳು. ನೆಲಹಾಸು ನಿನ್ನೆ ಕೊಂಡಂತೆ ಹೊಳೆಯಿತು.

"ಅದೂ ನಿನ್ನದೇ! ಮೂಲೇಲಿ ಗಂಟು ನೋಡು!" ಎಂದು ಭಾವ ಗುಡುಗಿದ.

ಹತ್ತು ತಿಂಗಳಿಂದ ಅವಳು ಕಾದಿದ್ದದ್ದು ಈ ಮಾತಿಗೇ. ಸೊಂಟದಿಂದ ನೂಲು ತೆಗೆದು ಎಲ್ಲರೆದುರು ಗಂಟು ಹಾಕಿ ಮೇಡಂ ಕೈಗಿಟ್ಟಳು. ಮೇಡಂ ಅದನ್ನು ನೆಲಹಾಸಿನ ಗಂಟಿಗೆ ಜೋಡಿಸಿ ಹಿಡಿದರು. ಒಂದು ಎಡಕ್ಕೆ, ಒಂದು ಬಲಕ್ಕೆ.

"ಈಗ ನೀವು ಹಾಕಿ ಭಾವ," ಎಂದು ಇನ್ನೊಂದು ಎಳೆ ಚಾಚಿದಳು.

"ನಂಗೆಲ್ಲಿ ಬರತ್ತೆ ಇದೆಲ್ಲ?"

ಮುಂದಿನ ಸಾಲಿನಲ್ಲಿ ಕೂತಿದ್ದ ಓರಗಿತ್ತಿಗೆ ಗಂಡ ಸೋಲುವುದನ್ನು ನೋಡಲಾಗಲಿಲ್ಲ. "ಯಾಕ್ರೀ ಹೆದರ್ತೀರ? ದಿನಾ ಊಟ ಆದ್ಮೇಲೆ ಕೂತು ಹತ್ತತ್ತು ಹಾಕ್ತೀರಲ್ಲ, ಹಾಕಿ ತೋರ್ಸಿ!" ಎಂದಳು.

ಸಭೆ ಬಿದ್ದು ಬಿದ್ದು ನಕ್ಕಿತು. ಎಡಚಿ ಮಾತ್ರ ನಗಲಿಲ್ಲ. ಭಾವನ ಮುಖದಿಂದ ಕಣ್ಣು ತೆಗೆದರೆ ಏನಾದರೂ ತಪ್ಪಿಹೋದೀತೆಂದು ನೋಡುತ್ತಲೇ ನಿಂತಳು. ಹೊಟ್ಟೆ ತಣ್ಣಗಾಯಿತು.

ಈಗ ಅವಳ ಮಗ್ಗ ಮನೆಯ ಪಡಸಾಲೆಯಲ್ಲಿದೆ, ಗಿರಾಕಿಗಳು ಅಲ್ಲಿಗೇ ಬರುತ್ತಾರೆ. ಭಾವನ ಆ ನೆಲಹಾಸನ್ನು ಗಂಟು ಕಾಣುವಂತೆ ಹೊಸಿಲ ಹೊರಗೆ ಹಾಸಿದ್ದಾಳೆ.

ಮೊನ್ನೆ ಭಾವನೂ ಬಂದ. ಅಂಗಡಿ ಖಾಲಿ ಹೊಡೆಯುತ್ತಿದೆ, ಆದದ್ದಾಯಿತು, ಮರೆತುಬಿಡು ಎನ್ನಲು ಬಾಯಿ ತೆರೆದ.

"ಮೊದಲು ಕಾಲು ಒರೆಸ್ಕೊಳ್ಳಿ ಭಾವ," ಎಂದಳು.

ಅವನು ಕೆಳಗೆ ನೋಡಿದ. ಗಂಟು ಅವನ ಹೆಬ್ಬೆರಳಿನ ಪಕ್ಕದಲ್ಲೇ ಇತ್ತು. ಒಂದು ಕಾಲು ಒರೆಸಿ ಹೊಸಿಲು ದಾಟಲು ಹೊರಟ.

"ಇನ್ನೊಂದೂ," ಎಂದಳು ಎಡಚಿ, ಬಾಗಿಲಿಗೆ ಅಡ್ಡ ನಿಂತು.