ಡಬ್ಬಿಯ ಮೇಲಿನ ಹೆಸರು

ಮಕ್ಕಳೇ, ನೀವು ಬಿಸ್ಕತ್ತಿಗೆಂದು ಕೈ ಹಾಕಿ, ಶೇಂಗಾ ಹೋಳಿಗೆ ಕಂಡು ಮುಖ ಸಿಂಡರಿಸುವ ಆ ಸ್ಟೀಲ್ ಡಬ್ಬಿ ನನ್ನ ಜೊತೆ ಧಾರವಾಡದಿಂದ ಇಂಗ್ಲಿಷರ ಈ ಪಿನ್ನರ್ ಊರಿಗೆ ಬಂದದ್ದು. ಅದರ ಹೊಟ್ಟೆಯ ಮೇಲೆ ಪಾತ್ರೆ ಅಂಗಡಿಯವನು ಚುಕ್ಕೆ ಚುಕ್ಕೆಯಾಗಿ ಕೊರೆದುಕೊಟ್ಟ ನಿಮ್ಮ ಅಜ್ಜನ ಹೆಸರಿದೆ. ಆ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಮದುವೆಯ ದಿನ ಒಮ್ಮೆ, ಹೊಸ್ತಿಲಲ್ಲಿ ಅಡ್ಡಗಟ್ಟಿದ ನಾದಿನಿಯರ ಕಾಟಕ್ಕೆ, ಒಡಪಿನ ಪದ್ಯದೊಳಗೆ ಅಡಗಿಸಿ. ಆಮೇಲೆಲ್ಲ ಬರೀ ‘ಅವರು’. ಇಲ್ಲಿನ ಡಾಕ್ಟರು ನನ್ನ ಗಂಡನ ಹೆಸರು ಕೇಳಿದಾಗ, ನೀನೇ ಹೇಳಪ್ಪ ಎಂದು ನಿಮ್ಮಪ್ಪನತ್ತ ಬೆರಳು ತೋರಿಸಿದೆ. ಆ ಪುಣ್ಯಾತ್ಮ ನನ್ನ ಮಗನನ್ನೇ ಗಂಡನೆಂದು ಬರೆದುಕೊಂಡ.

ಪಕ್ಕದ ಮನೆಯ ಗರಾಜಿನಲ್ಲಿ ಮರಿಯಮ್ ಹಾಡುತ್ತಿದ್ದಳು, ಕೋಫಿ ಡ್ರಮ್ ಬಾರಿಸುತ್ತಿದ್ದ, ಇನ್ನಿಬ್ಬರು ತಂತಿ ಮೀಟುತ್ತಿದ್ದರು. ಆಫ್ರಿಕಾ ಮೂಲದವರು, ತಮ್ಮತಮ್ಮೊಳಗಿನ ಮಾತೆಲ್ಲ ಫ್ರೆಂಚು, ಹಾಡು ಫಂಕ್ ಮತ್ತು ರೆಗೆ: ಒಂದು ಕೂತವರನ್ನು ಎಬ್ಬಿಸುವಂಥದ್ದು, ಇನ್ನೊಂದು ಎದ್ದವರನ್ನು ತೂಗಾಡಿಸುವಂಥದ್ದು. ಗದ್ದಲಕ್ಕೆ ಬೈಯೋಣವೆಂದರೆ ನನಗೆ ಇಂಗ್ಲಿಷ್ ಬಾರದು. ಡಬ್ಬಿ ತುಂಬ ಹೋಳಿಗೆ ಕಳಿಸಿದೆ. ಅದು ಕರಿದ ಬಾಳೆಹಣ್ಣು ತುಂಬಿಕೊಂಡು ಮರಳಿತು. ಆಮೇಲೆ ಎರಡೂ ಮನೆಗಳ ನಡುವೆ ಅದರ ಓಡಾಟ ನಿಲ್ಲಲಿಲ್ಲ.

ಹದಿನೈದು ದಿನ ಬಿಟ್ಟು ನೋಡಿದರೆ ಡ್ರಮ್ಮಿನ ಮುಖದ ಮೇಲೆ ನಿಮ್ಮ ಅಜ್ಜ! ಚಿತ್ತಾರ ಚೆಂದವಿದೆಯೆಂದು ಕೋಫಿ ಡಬ್ಬಿಯ ಮೇಲಿನ ಕನ್ನಡ ಅಕ್ಷರಗಳನ್ನೇ ಬ್ಯಾಂಡಿನ ಹೆಸರಾಗಿ ಬರೆದುಬಿಟ್ಟಿದ್ದ. ವಾರ್ತೆ ಮುಗಿದು ಹಾಡು ಶುರುವಾದರೆ ರೇಡಿಯೋ ಆರಿಸುತ್ತಿದ್ದ ಮನುಷ್ಯ, ಟೂಟಿಂಗ್ ಬಡಾವಣೆಯ ಸಭಾಂಗಣದಲ್ಲಿ ನೂರಾರು ಜನ ಕುಣಿಯುವಾಗ ನಟ್ಟನಡುವೆ ಏಟು ತಿನ್ನುತ್ತಿದ್ದರು! ಬ್ಯಾಂಡು ಬೆಳೆಯಿತು, ಹೆಸರು ಓದುವವರಿಲ್ಲ. ನನ್ನನ್ನು ಕೇಳಿದರೆ ಸೆರಗು ಬಾಯಿಗೆ.

“ಅಜ್ಜಿ, ಜಸ್ಟ್ ಸೇ ಇಟ್!” ಎಂದು, ನೇಹಾ, ನೀನು ಕಾಡಿದೆ. ನಿಮ್ಮಪ್ಪ ನಕ್ಕು, “ಅವ್ವನ ಬಾಯಿಂದನ ಬರ್ಲಿ” ಅಂದ.

ಎರಡೇ ವರ್ಷ. ಕೋಫಿಗೆ ಫಂಕ್ ಓಡಬೇಕು, ಮರಿಯಮ್‌ಗೆ ರೆಗೆ ತೂಗಬೇಕು, ಬ್ಯಾಂಡು ಒಡೆಯಿತು. ಹೆಸರು ಯಾರಿಗೆ ಉಳಿಯಬೇಕೆಂದು ಕೇಳಲು ಒಂದು ಭಾನುವಾರ ಮಧ್ಯಾಹ್ನ ಇಬ್ಬರೂ ಡಬ್ಬಿ ಹಿಡಿದು ನಮ್ಮ ಅಡುಗೆಮನೆಗೇ ಬಂದರು. ಅವರ ಇಂಗ್ಲಿಷನ್ನು, ನೇಹಾ, ನೀನೇ ನನಗೆ ಕನ್ನಡಕ್ಕಿಳಿಸುತ್ತಿದ್ದೆ.

“ಬಣ್ಣ ಹಚ್ಚಿದವ ನಾನು, ಆಂಟೀ,” ಎಂದ ಕೋಫಿ.

“ಜನ ಬಂದದ್ದು ನನ್ನ ದನಿಗೆ, ನಿನ್ನ ಬಣ್ಣಕ್ಕಲ್ಲ!” ಎಂದಳು ಮರಿಯಮ್.

ಡಬ್ಬಿ ಅತ್ತಿತ್ತ ಜಗ್ಗಾಡತೊಡಗಿತು. ನನ್ನ ಗಂಡನನ್ನು ನನ್ನೆದುರೇ ಇಬ್ಬರು ಪಾಲು ಮಾಡಿಕೊಳ್ಳುತ್ತಿದ್ದಾರೆ, ನಾನು ಒಲೆಯ ಮುಂದೆ ಮೂಕಿಯಂತೆ ನಿಂತಿದ್ದೇನೆ! ಇಷ್ಟು ವರ್ಷ ಸೆರಗಿನ ಹಿಂದೆ ಅಡಗಿದ್ದ ಹೆಸರು ಒಮ್ಮೆಲೇ ಹಾರಿಬಂತು.

“ಚನ್ನಪ್ಪ! ಚನ್ನಪ್ಪ ನನ್ನಾಂವ! ಕೊಡ್ರಿ ಇಲ್ಲೆ ಡಬ್ಬಿ!”

ಕೋಫಿ ಕೈ ಬಿಟ್ಟ. ಮರಿಯಮ್ “ಶನಪ್ಪಾ” ಎಂದು ಮೆಲ್ಲಗೆ ಹೇಳಿ ನೋಡಿ, ಡಬ್ಬಿಯನ್ನು ನನ್ನ ಕೈಗಿತ್ತಳು. ಮರುದಿನ ಕೋಫಿ ಡ್ರಮ್ಮಿನ ಮೇಲಿನ ಹೆಸರು ಉಜ್ಜಿ ತೆಗೆದ.

ಹೆಸರು ಹೇಳಿದರೆ ಗಂಡನ ಆಯುಷ್ಯ ಸವೆಯುತ್ತದೆಂದು ನನ್ನನ್ನು ಹೆದರಿಸಿದ್ದರು. ನಾನು ಹೇಳದೆಯೂ ಅವರು ಧಾರವಾಡದಲ್ಲೇ ತೀರಿಹೋಗಿದ್ದರು. ಈಗ ಕಪಾಟಿನಲ್ಲಿ ಉಪ್ಪಿನಕಾಯಿ ಭರಣಿಗೆ ಜಾಗ ಸಾಲದಿದ್ದರೆ, “ಚನ್ನಪ್ಪ, ಸ್ವಲ್ಪ ಸರಕೋ” ಎಂದು ಡಬ್ಬಿಯನ್ನು ತಳ್ಳುತ್ತೇನೆ. ಬದುಕಿದ್ದಾಗ ನನ್ನ ಒಂದು ಮಾತೂ ಕೇಳದವರು, ತಕರಾರಿಲ್ಲದೆ ಸರಿಯುತ್ತಾರೆ.